ಹೊಸ ವರ್ಷನ್ ವಿಂಡೋಸ್ 7ರಲ್ಲಿ ಕೂರುವುದಿಲ್ಲ, ಹಳೆಯ ಮೆನು ಹೋಯಿತು. ಅಪ್ಪನ ಪೇಜ್‌ಮೇಕರ್ ಕೆಲಸ ಉಳಿಸುವುದು ಹೇಗೆ?

ಪೆರ್ಲ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ರಶೀದಿ ಪುಸ್ತಕ, ಜೊತೆಗೆ ಆನ್‌ಲೈನ್ ಅರ್ಜಿ ತುಂಬುವುದು, ಪಾಸ್‌ಪೋರ್ಟ್ ಸೈಜಿನ ಫೋಟೋ. ಕನ್ನಡದ ಕೆಲಸ ಎಲ್ಲ ಅಪ್ಪನದ್ದು. ಅವರಿಗೆ ಈಗ 67 ವರ್ಷ. ಅರ್ಜಿ, ಫೋಟೋ ನಾನು ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಒಂದೇ. ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್, 32 ಬಿಟ್ ವಿಂಡೋಸ್ 7, ಹಳೆಯ ಚೌಕ ಮಾನಿಟರ್. ಅದರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪಿಂಗಿನ ನುಡಿ ಫಾಂಟುಗಳು. ಒಂದು ಫೋಲ್ಡರಿನಲ್ಲಿ ಹದಿನೈದು ವರ್ಷದ ಕೆಲಸ ಉಂಟು. ಹೋದ ವರ್ಷ ಮಾಡಿದ ದೇವಸ್ಥಾನದವರು ಈ ವರ್ಷ ಬಂದು "ಅದನ್ನೇ ತೆಗೆದು ತಾರೀಕು ಬದಲಿಸಿ ಕೊಡಿ" ಅಂತಾರೆ. ನಮ್ಮ ಅನ್ನ ಅದರಲ್ಲೇ.

ಈಗ ಎರಡು ತೊಂದರೆ ಒಟ್ಟಿಗೆ ಬಂದಿದೆ.

ಒಂದು, ಫೋಟೋ ಹೊಂದಿಸುವ ಸಾಫ್ಟ್‌ವೇರ್. ಹೆಸರು ಹೇಳುವುದಿಲ್ಲ. ಒಂದು ದಿನ ಬೆಳಿಗ್ಗೆ ಅಂಗಡಿ ತೆರೆದರೆ ಅದು ತಾನಾಗಿಯೇ ಅಪ್‌ಡೇಟ್ ಆಗಿತ್ತು. ಮೇಲೆ ಇದ್ದ ಫೈಲ್, ಎಡಿಟ್, ವ್ಯೂ ಎಲ್ಲ ಮಾಯ. ಒಂದು ಮೂಲೆಯಲ್ಲಿ ಮೂರು ಗೀಟು ಮಾತ್ರ. ಬಟನುಗಳಲ್ಲಿ ಅಕ್ಷರವೇ ಇಲ್ಲ, ಬಿಳಿಯ ಮೇಲೆ ತೆಳು ಬೂದಿ ಬಣ್ಣದ ಚಿತ್ರ. ಪ್ರಿಂಟ್ ಒತ್ತಿದರೆ ಬರುವ ಪೆಟ್ಟಿಗೆ ಎಷ್ಟು ಉದ್ದ ಅಂದರೆ ನಮ್ಮ ಸ್ಕ್ರೀನಿಗೆ ಹಿಡಿಸುವುದೇ ಇಲ್ಲ. ಓಕೆ ಬಟನ್ ಕೆಳಗೆ ಟಾಸ್ಕ್‌ಬಾರಿನ ಅಡಿಯಲ್ಲಿ ಎಲ್ಲೋ ಉಂಟು, ಮೌಸ್ ಅಲ್ಲಿಗೆ ಹೋಗುವುದಿಲ್ಲ. ನಾನು ಪಂಚಾಯತಿಗೆ ಹೋಗಿದ್ದಾಗ ಅಪ್ಪ ಒಂದು ಫೋಟೋ ತೆಗೆಯಲಿಕ್ಕೆ ಮುಕ್ಕಾಲು ಗಂಟೆ ಒದ್ದಾಡಿದರಂತೆ. ಗಿರಾಕಿ ಕಾದು ಕಾದು ಎದ್ದು ಹೋದರು. ಅಪ್ಪ ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಏನೂ ಮಾತಾಡಲಿಲ್ಲ. ನನಗೆ ತುಂಬ ಬೇಜಾರಾಯ್ತು. ಮತ್ತಿನ ಅಪ್‌ಡೇಟ್ ಬಂದಾಗ ಅದೂ ಇಲ್ಲ. "ಇದಕ್ಕೆ ವಿಂಡೋಸ್ 10 ಅಥವಾ ಹೊಸತು ಬೇಕು" ಅಂತ ಬಂದು ನಿಂತಿತು. ಹಳೆಯ ವರ್ಷನ್ ಹುಡುಕಿ ಹಾಕಿದೆ, ಆದರೆ ನಡುವೆ ಹೊಸತರಲ್ಲಿ ಸೇವ್ ಮಾಡಿದ ಫೈಲುಗಳು ಹಳೆಯದರಲ್ಲಿ ತೆರೆಯುವುದಿಲ್ಲ.

ಎರಡು, ಕ್ರೋಮ್ 109ರಲ್ಲೇ ನಿಂತಿದೆ. ಒಂದು ಅರ್ಜಿ ಸೈಟಿನಲ್ಲಿ ತಾಲೂಕು ಆರಿಸುವ ಪಟ್ಟಿ ಬಿಚ್ಚಿಕೊಳ್ಳುವುದೇ ಇಲ್ಲ.

ಪೇಟೆಯಲ್ಲಿ ಕೇಳಿದರೆ ಒಬ್ಬರು ವಿಂಡೋಸ್ 11 ಹಾಕಿಕೊಡ್ತೇನೆ ಅಂತಾರೆ, ಇನ್ನೊಬ್ಬರು ಈ ಡಬ್ಬ ಬಿಸಾಡಿ ಅಂತಾರೆ. ಪೇಜ್‌ಮೇಕರ್ ಹೋದರೆ ಅಪ್ಪನ ಕೆಲಸ ನಿಂತ ಹಾಗೆ. ಅವರ ಬೆರಳಿಗೆ ಕಂಟ್ರೋಲ್ ಇ, ಕಂಟ್ರೋಲ್ ಡಿ ಎಲ್ಲ ನೋಡದೆಯೇ ಗೊತ್ತು. ಎಂತ ಮಾಡುವುದು?

ಉಪ್ಪಳ ಸರ್ವಿಸ್

ಮೊದಲಿಗೆ ಯಾರ ಕೈಗೂ ಆ ಸಿಪಿಯು ಕೊಡಬೇಡಿ. ಹಾರ್ಡ್ ಡಿಸ್ಕ್ ಕೂಡ ಅಷ್ಟೇ ಹಳೆಯದು ಅಲ್ವಾ? ಎಕ್ಸ್‌ಟರ್ನಲ್ ಡಿಸ್ಕ್ ಒಂದು ತಂದು, ಡಿಸ್ಕಿನ ನಕಲು ತೆಗೆಯುವ ಕ್ಲೋನ್‌ಜಿಲ್ಲಾ ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇಡೀ ಡಿಸ್ಕಿನ ಇಮೇಜ್ ತೆಗೆದಿಡಿ. ಬರೇ ಫೋಲ್ಡರ್ ಕಾಪಿ ಸಾಕಾಗುವುದಿಲ್ಲ, ಯಾಕಂದ್ರೆ ಫಾಂಟು, ಪ್ರಿಂಟರ್ ಡ್ರೈವರ್, ಸೆಟ್ಟಿಂಗ್ ಎಲ್ಲ ಅದರೊಳಗೆ ಹರಡಿಕೊಂಡಿರ್ತದೆ. ಮಳೆ ಸಿಡಿಲು ಶುರುವಾಗುವ ಮೊದಲೇ ಇದು ಆಗಬೇಕು. ನಮ್ಮ ಕಡೆ ಒಂದು ಸಿಡಿಲಿಗೆ ಮೋಡೆಮ್, ಮದರ್‌ಬೋರ್ಡ್ ಎರಡೂ ಹೋದ ಅಂಗಡಿಗಳನ್ನು ನಾನೇ ರಿಪೇರಿ ಮಾಡಿದ್ದೇನೆ.

ಇನ್ನು ವಿಂಡೋಸ್ 11 ಹಾಕಿಕೊಡ್ತೇನೆ ಅಂದವರ ಮಾತು ಕೇಳಬೇಡಿ. ಅದಕ್ಕೆ ಅಧಿಕೃತವಾಗಿ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದರೆ 8ನೇ ತಲೆಮಾರು ಬೇಕು, ಕಡಿಮೆ ಅಂದ್ರೂ 4 ಜಿಬಿ ರ‍್ಯಾಮ್ ಬೇಕು. ಕಳ್ಳದಾರಿಯಲ್ಲಿ ಹಾಕಿದರೂ 24ಎಚ್2 ವರ್ಷನ್ ಕೋರ್ 2 ಡ್ಯುಯೋದಲ್ಲಿ ಬೂಟೇ ಆಗುವುದಿಲ್ಲ. ಅದು ಕೇಳುವ ಪಾಪ್‌ಕೌಂಟ್ ಅನ್ನುವ ಒಂದು ಸೂಚನೆ ಆ ಪ್ರೊಸೆಸರಿನಲ್ಲಿ ಇಲ್ಲ. ಮೇಲಾಗಿ 11ರಲ್ಲಿ 32 ಬಿಟ್ ಅನ್ನುವುದೇ ಇಲ್ಲ. ನಿಮ್ಮ ಹಳೆಯ ಪ್ರಿಂಟರಿನ 32 ಬಿಟ್ ಡ್ರೈವರ್ ಅಲ್ಲಿ ಕೂರುವುದಿಲ್ಲ.

ಹೊಸ ಸಾಫ್ಟ್‌ವೇರ್ ಹಳೆಯ ವಿಂಡೋಸಿನಲ್ಲಿ ಯಾಕೆ ಕೂರುವುದಿಲ್ಲ ಅಂತ ತುಂಬ ಜನ ಕೇಳ್ತಾರೆ. ಸುಮ್ನೆ ಹೊಸ ಕಂಪ್ಯೂಟರ್ ಮಾರಲಿಕ್ಕೆ ಮಾಡಿದ್ದು ಅಂತ ಅವರ ಲೆಕ್ಕ. ಪೂರ್ತಿ ಹಾಗಲ್ಲ. ಒಂದು ಪ್ರೋಗ್ರಾಂ ಕಿಟಕಿ ಬಿಡಿಸುವುದು, ಫೈಲ್ ತೆರೆಯುವುದು ಎಲ್ಲ ತಾನೇ ಮಾಡುವುದಿಲ್ಲ, ವಿಂಡೋಸನ್ನು ಕರೆದು ಮಾಡಿಸ್ತದೆ. ವಿಂಡೋಸ್ 8, 10ರಲ್ಲಿ ಇಂಥ ಹೊಸ ಕೆಲಸಗಾರರು ತುಂಬ ಸೇರಿದ್ದಾರೆ. ಹೊಸ ಪ್ರೋಗ್ರಾಂ ಅವರ ಹೆಸರು ಹಿಡಿದು ಕರೀತದೆ, 7ರಲ್ಲಿ ಆ ಹೆಸರಿನವರು ಇಲ್ಲ. ಆಗ ಕರ್ನೆಲ್32 ಅಂತ ಏನೋ ಹೇಳಿ ಒಂದು ಎರರ್ ಬರ್ತದಲ್ಲ, ಅದೇ ಇದು. ಕಂಪ್ಯಾಟಿಬಿಲಿಟಿ ಮೋಡ್ ಇದಕ್ಕೆ ಮದ್ದಲ್ಲ. ಅದು ಹಳೆಯ ಪ್ರೋಗ್ರಾಮಿಗೆ ಹಳೆಯ ವಿಂಡೋಸಿನ ಹಾಗೆ ತೋರಿಸಿಕೊಳ್ಳುವ ಉಪಾಯ, ಹೊಸ ಕೆಲಸಗಾರರನ್ನು ಎಲ್ಲಿಂದ ತರುವುದು?

ಕ್ರೋಮ್ ವಿಷಯ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಕ್ರೋಮ್ 2023ರ ಆರಂಭದ 109ಕ್ಕೆ ನಿಂತಿತು. ಫೈರ್‌ಫಾಕ್ಸ್ ಮಾತ್ರ 115 ಇಎಸ್ಆರ್ ಅನ್ನುವ ವರ್ಷನ್ ಇಟ್ಟುಕೊಂಡು, ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹಾಕಿ, 7ರವರಿಗೂ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟಿತು. ಒಮ್ಮೆ ಹಾಕಿ ನೋಡಿ, ಆ ಪಟ್ಟಿ ಬಿಚ್ಚಿಕೊಂಡರೂ ಬಿಚ್ಚಿಕೊಳ್ಳಬಹುದು. ಆದರೆ ಅದನ್ನೇ ನಂಬಿ ಕೂರಬೇಡಿ.

ಆ ಕಾಣದ ಓಕೆ ಬಟನಿಗೆ ಈಗಲೇ ಒಂದು ಉಪಾಯ. ಆಲ್ಟ್ ಹಿಡಿದು ಸ್ಪೇಸ್‌ಬಾರ್ ಒತ್ತಿ, ಮತ್ತೆ ಎಂ ಒತ್ತಿ, ಈಗ ಮೇಲಿನ ಬಾಣದ ಕೀ ಒತ್ತುತ್ತಾ ಇರಿ. ಪೆಟ್ಟಿಗೆ ಸ್ಕ್ರೀನಿನಿಂದ ಮೇಲಕ್ಕೆ ಸರಿದು ಬಟನ್ ಕಾಣ್ತದೆ. ಹೊಸದಾಗಿ ಮಾಡುವವರು ದೊಡ್ಡ ಅಗಲ ಸ್ಕ್ರೀನ್ ಇಟ್ಟುಕೊಂಡು ಮಾಡಿರ್ತಾರೆ, 1024ಕ್ಕೆ 768ರ ಮಾನಿಟರ್ ಇನ್ನೂ ಉಂಟು ಅಂತ ಅವರಿಗೆ ನೆನಪಿರುವುದಿಲ್ಲ. ಇದು ನಿಜಕ್ಕೂ ತಪ್ಪು, ಅಪ್ಪನ ಕೈಯ ತಪ್ಪಲ್ಲ ಅಂತ ಅವರಿಗೆ ಹೇಳಿ.

ಮಂಜೇಶ್ವರ ಟೀಚರ್

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಐಟಿ ಕೂಡ ತೆಗೆದುಕೊಳ್ಳುತ್ತೇನೆ. ನಮ್ಮಲ್ಲಿ ಎಲ್ಲ ವಿಂಡೋಸಿನ ಬದಲು ಲಿನಕ್ಸ್, ಕೇರಳ ಸರಕಾರದ ಕೈಟ್‌ ಸಂಸ್ಥೆಯವರು ಉಬುಂಟು ಅನ್ನುವ ಲಿನಕ್ಸಿನ ಮೇಲೆ ಕಟ್ಟಿ ಕೊಟ್ಟದ್ದು. ಕೇರಳದ ಶಾಲೆಗಳಲ್ಲಿ ತುಂಬ ವರ್ಷದಿಂದ ಹೀಗೇ. ಮಕ್ಕಳು ಕನ್ನಡ ಪಾಠಪುಸ್ತಕ ನೋಡಿಕೊಂಡು ಲಿಬ್ರೆಆಫೀಸ್, ಜಿಂಪ್, ಇಂಕ್‌ಸ್ಕೇಪ್ ಕಲಿಯುತ್ತಾರೆ. ಹಳೆಯ ಲ್ಯಾಬ್ ಕಂಪ್ಯೂಟರುಗಳಿಗೆ ಇದು ಜೀವ ಕೊಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿಮ್ಮದಕ್ಕೆ ಒಂದು ಎಸ್ಎಸ್‌ಡಿ, 4 ಜಿಬಿ ರ‍್ಯಾಮ್ ಹಾಕಿ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿದರೆ ಬ್ರೌಸರ್ ಕೆಲಸ ಆರಾಮಾಗಿ ನಡೆಯುತ್ತದೆ. ಮೆನು ಕೆಳಗೆ ಎಡಮೂಲೆಯಲ್ಲೇ ಇರುತ್ತದೆ, ವಿಂಡೋಸ್ 7 ನೋಡಿದವರಿಗೆ ಹೊಸತು ಅನ್ನಿಸುವುದಿಲ್ಲ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು.

ಇಂಟರ್‌ಫೇಸ್ ಬಗ್ಗೆ ಒಂದು ಮಾತು. ಲಿಬ್ರೆಆಫೀಸಿನಲ್ಲಿ ನನಗೆ ಬಹಳ ಇಷ್ಟವಾದದ್ದು ಏನೆಂದರೆ, ಟ್ಯಾಬ್ ಇರುವ ಹೊಸ ನಮೂನೆ ತಂದರು, ಆದರೆ ಹಳೆಯ ಮೆನು, ಟೂಲ್‌ಬಾರ್ ತೆಗೆದುಹಾಕಲಿಲ್ಲ. ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ಅಂತ ಉಂಟು, ಯಾವುದು ಬೇಕೋ ಆರಿಸಿಕೊಳ್ಳಬಹುದು. ಎಲ್ಲರೂ ಹೀಗೆ ಮಾಡಿದ್ದರೆ ಎಷ್ಟು ಒಳ್ಳೆಯದಿತ್ತು. ಫೈರ್‌ಫಾಕ್ಸಿನಲ್ಲೂ ಆಲ್ಟ್ ಒತ್ತಿದರೆ ಹಳೆಯ ಮೆನು ಸಾಲು ಬರುತ್ತದೆ. ನಿಮ್ಮ ಫೋಟೋ ಸಾಫ್ಟ್‌ವೇರಿನಲ್ಲೂ ಒಮ್ಮೆ ಆಲ್ಟ್ ಒತ್ತಿ ನೋಡಿ. ಎಷ್ಟೋ ಪ್ರೋಗ್ರಾಂಗಳಲ್ಲಿ ಮೆನು ತೆಗೆದಿರುವುದಿಲ್ಲ, ಅಡಗಿಸಿರುತ್ತಾರೆ ಅಷ್ಟೇ.

ಮಂಗಳೂರು ಪ್ರೆಸ್

ಟೀಚರ್ ಹೇಳಿದ್ದು ಸರಿ, ಆದರೆ ಪೇಜ್‌ಮೇಕರ್ ಇರುವ ಯಂತ್ರದ ಮೇಲೆ ಲಿನಕ್ಸ್ ಹಾಕಬೇಡಿ ಮಾರಾಯ್ರೇ. ನಾನು 22 ವರ್ಷದಿಂದ ಪ್ರೆಸ್ಸಿನಲ್ಲಿ ಇದ್ದೇನೆ, ಇದರ ಮೂಲ ಬೇರೆ ಕಡೆ ಉಂಟು.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. ಅದಕ್ಕೆ ಯುನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ನಂಬರ್ ಕೊಡುವ ಪದ್ಧತಿ, ಗೊತ್ತಿಲ್ಲ. ಅದರಲ್ಲಿ ನೀವು ನೋಡುವ ಕನ್ನಡ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ನಿಮ್ಮ ಫೈಲಿನಲ್ಲಿ "ಕ" ಅಂತ ಕಾಣುವುದು ನಿಜವಾಗಿ ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಓರೆ ಗೀಟು ಇರುವ ಎ. ಆ ಪಿ "ಕ" ಅಕ್ಷರದ ಕೆಳಗಿನ ಭಾಗ, ಎ ತಲೆಕಟ್ಟು. ಫಾಂಟ್ ಬದಲಿಸಿ ನೋಡಿ, ಗೊತ್ತಾಗ್ತದೆ. ಹಾಗಾಗಿ ಆ ಫಾಂಟ್ ಇಲ್ಲದ ಯಂತ್ರಕ್ಕೆ ಹೋದ ಕೂಡಲೇ ಹದಿನೈದು ವರ್ಷದ ಮದುವೆ ಕಾಗದ ಎಲ್ಲ ಗೋಜಲು ಆಗಿ ಕಾಣ್ತದೆ. ಹೊಸ ವಿಂಡೋಸಿಗಿಂತ ಇದೇ ನಿಮಗೆ ದೊಡ್ಡ ವಿಷಯ.

ನಾನು ಮಾಡಿದ್ದು ಹೀಗೆ. ಹಳೆಯ ಯಂತ್ರವನ್ನು ಹಾಗೆಯೇ ಇಟ್ಟೆ, ನೆಟ್ ಕೇಬಲ್ ಕಿತ್ತು ತೆಗೆದೆ. ಅದು ಈಗ ಬರೇ ಕಂಪೋಸಿಂಗಿಗೆ. ನೆಟ್ ಇಲ್ಲದ ವಿಂಡೋಸ್ 7ಕ್ಕೆ ನೆಟ್ಟಿನ ಮೂಲಕ ಏನೂ ಬರುವುದಿಲ್ಲ, ಅಪ್‌ಡೇಟ್ ಕೂಡ ಬರುವುದಿಲ್ಲ, ಮೆನು ಯಾವತ್ತೂ ಕದಲುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗ ಹೆಚ್ಚು ಪೆಟ್ಟು ಬಿದ್ದದ್ದು ಪ್ಯಾಚ್ ಹಾಕದ ವಿಂಡೋಸ್ 7ಕ್ಕೇ. ನಿಮ್ಮ ಕೇರಳದಲ್ಲೂ ವಯನಾಡಿನ ಒಂದು ಪಂಚಾಯತು ಕಚೇರಿಯ ಕಂಪ್ಯೂಟರುಗಳು ಸಿಕ್ಕಿಬಿದ್ದಿದ್ದವು. ಅದಕ್ಕೆ ಪ್ಯಾಚ್ ಮಾರ್ಚಿಯಲ್ಲೇ ಬಂದಿತ್ತು. ಈಗ 7ಕ್ಕೆ ಮಾಮೂಲಿಯಾಗಿ ಪ್ಯಾಚೇ ಬರುವುದಿಲ್ಲ. ಅಂಥ ಯಂತ್ರದಲ್ಲಿ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಇಟ್ಟುಕೊಂಡು ಅರ್ಜಿ ತುಂಬುವುದು ಬೇಡ. ಅವರು ನಿಮ್ಮನ್ನು ನಂಬಿ ಕೊಟ್ಟದ್ದು.

ಅರ್ಜಿಗೆ, ಫೋಟೋಗೆ ಬೇರೆ ಒಂದು ಯಂತ್ರ ತೆಗೆದುಕೊಳ್ಳಿ. ಆಫೀಸುಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, 8ನೇ ತಲೆಮಾರಿನ ಐ5 ಇದ್ದರೆ ಸಾಕು.

ಆಮೇಲೆ ನಿಧಾನವಾಗಿ ಹಳೆಯ ಫೈಲುಗಳನ್ನು ಹೊರಗೆ ತನ್ನಿ. ಎಲ್ಲವೂ ಬೇಡ, ಪ್ರತಿ ವರ್ಷ ತಿರುಗಿ ಬರುವ ಗಿರಾಕಿಗಳದ್ದು ಮೊದಲು. ಒಂದೊಂದರ ಪಿಡಿಎಫ್ ಮಾಡಿ ಇಡಿ, ಫಾಂಟ್ ಅದರೊಳಗೇ ಕೂರ್ತದೆ, ಇನ್ನು ಹತ್ತು ವರ್ಷ ಬಿಟ್ಟು ತೆರೆದರೂ ಹಾಗೇ ಕಾಣ್ತದೆ. ಒಕ್ಕಣೆಯನ್ನು ಕಾಪಿ ಮಾಡಿ ಕನ್ವರ್ಟರಿಗೆ ಹಾಕಿ ಯುನಿಕೋಡ್ ಮಾಡಿ. ಅರ್ಕಾವತ್ತು ಇರುವ ಶಬ್ದಗಳನ್ನು ಒಂದೊಂದಾಗಿ ನೋಡಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಬರ್ತದೆ, ಯುನಿಕೋಡಿನಲ್ಲಿ ರ ಮೊದಲು ಬರಬೇಕು. ವರ್ಷ, ಸೂರ್ಯ, ಕಾರ್ಯಕ್ರಮ, ಅರ್ಚಕ. ಆಮಂತ್ರಣದಲ್ಲಿ ಇವೇ ಜಾಸ್ತಿ ಅಲ್ವಾ. ಅಂಕೆ, ಆವರಣ ಚಿಹ್ನೆ ಕೂಡ ನೋಡಿಕೊಳ್ಳಿ. ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ ಫೈಲನ್ನು ತೆರೆಯಲು ಪ್ರಯತ್ನ ಮಾಡ್ತದೆ, ಆದರೆ ಬಾರ್ಡರು, ಅಂತರ ಎಲ್ಲ ಅಲುಗಾಡ್ತದೆ, ಪ್ರಿಂಟಿಗೆ ಕೊಡುವ ಹಾಗೆ ಇರುವುದಿಲ್ಲ.

ಹೊಸ ಕೆಲಸಕ್ಕೆ ಪೇಜ್‌ಮೇಕರಿನ ಹಾಗೆ ಪುಟ ಜೋಡಿಸುವ ಸ್ಕ್ರೈಬಸ್ ನೋಡಿ. ದುಡ್ಡು ಕೊಡುವುದು ಬೇಡ, 2024ರ 1.6 ವರ್ಷನಿನಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರ್ತದೆ. ಇದೆಲ್ಲ ನೇಮ, ಜಾತ್ರೆಗಳ ಕಾಲ ಮುಗಿಯುವ ಪತ್ತನಾಜೆ ಕಳೆದ ಮೇಲೆ. ಅಲ್ಲಿಯವರೆಗೆ ಕಲಶ, ನೇಮ, ಮದುವೆ ಅಂತ ನಿಮಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ, ಆಗ ಯಂತ್ರ ಮುಟ್ಟಬೇಡಿ.

ಪೆರ್ಲ ಡಿಟಿಪಿ

ಎಲ್ಲರಿಗೂ ತುಂಬ ಉಪಕಾರ ಆಯ್ತು. ಆಲ್ಟ್ ಸ್ಪೇಸ್ ಎಂ ಕೆಲಸ ಮಾಡಿತು ಅಣ್ಣಾ! ಅಪ್ಪನಿಗೆ ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದೇನೆ. ಆಲ್ಟ್ ಒತ್ತಿದರೆ ಮೆನು ಬರಲಿಲ್ಲ ಟೀಚರೇ, ಅದನ್ನು ಪೂರ್ತಿ ತೆಗೆದಿದ್ದಾರೆ.

ಒಂದೇ ಸಂಶಯ. ಮುಂದೆ ಯುನಿಕೋಡಿಗೆ ಹೋದರೆ ಅಪ್ಪ ಟೈಪಿಂಗ್ ಮತ್ತೆ ಮೊದಲಿನಿಂದ ಕಲಿಯಬೇಕಾ? ವಿಂಡೋಸಿನಲ್ಲಿ ಇರುವ ಕನ್ನಡ ಕೀಬೋರ್ಡ್ ಹಾಕಿ ತೋರಿಸಿದೆ, ಒಂದು ಸಾಲು ಹೊಡೆಯುವಷ್ಟರಲ್ಲಿ ಕೈ ಎತ್ತಿಬಿಟ್ಟರು. ಇನ್ನೊಂದು, ನಮ್ಮಲ್ಲಿ ಅರ್ಧ ಕೆಲಸ ಮಲಯಾಳದಲ್ಲೂ ಬರ್ತದೆ.

ಮಂಗಳೂರು ಪ್ರೆಸ್

ಬೇಡ ಬೇಡ, ಕಲಿಯುವುದು ಏನೂ ಇಲ್ಲ. ನೀವು ತೋರಿಸಿದ್ದು ಇನ್‌ಸ್ಕ್ರಿಪ್ಟ್, ಅದರಲ್ಲಿ ಕೀಗಳ ಜಾಗವೇ ಬೇರೆ. ಅಪ್ಪನ ಬೆರಳಿನಲ್ಲಿ ಇರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ "ಕನ್ನಡ" ಬರ್ತದಲ್ಲ, ಅದೇ. ರಾಯರು ನಮ್ಮ ಕಿನ್ನಿಕಂಬಳದವರು. ನುಡಿಯ ಹೊಸ ವರ್ಷನಿನಲ್ಲಿ ಯುನಿಕೋಡಿಗೂ ಅದೇ ಕೀಬೋರ್ಡ್ ಉಂಟು. ಒಳಗೆ ಸಂಗ್ರಹ ಆಗುವುದು ಬೇರೆ ರೀತಿ, ಬೆರಳಿಗೆ ಎಲ್ಲ ಅದೇ ಜಾಗ. ಎಫ್ ಒತ್ತಿ ಒತ್ತಕ್ಷರ ಮಾಡುವುದು ಕೂಡ ಹಾಗೇ.

ಮಂಜೇಶ್ವರ ಟೀಚರ್

ಲಿನಕ್ಸಿನಲ್ಲೂ ಐಬಸ್ ಎಂ17ಎನ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್ ಹಾಕಿದರೆ ಕೆಜಿಪಿ ಅಂತ ಅದೇ ವಿನ್ಯಾಸ ಸಿಗುತ್ತದೆ.

ಮಲಯಾಳಕ್ಕೆ ಯುನಿಕೋಡ್ ಮಾತ್ರ ಇಟ್ಟುಕೊಳ್ಳಿ. ಚಿಲ್ಲಕ್ಷರಗಳಿಗೆ, ಅಂದರೆ ಸ್ವರ ಸೇರದ ಮಲಯಾಳ ವ್ಯಂಜನಗಳಿಗೆ, ಯುನಿಕೋಡಿನಲ್ಲಿ ಸ್ವಂತ ಜಾಗ ಸಿಕ್ಕಿದ್ದು 2008ರಲ್ಲಿ, 5.1ನೇ ಆವೃತ್ತಿಯಲ್ಲಿ. ಎಕ್ಸ್‌ಪಿ ಇದ್ದ ಕಾಲದಲ್ಲಿ ಆಫೀಸಿನಿಂದ ಬಂದ ಸುತ್ತೋಲೆ ತೆರೆದರೆ ಚಿಲ್ಲು ಇದ್ದ ಕಡೆಯಲ್ಲೆಲ್ಲ ಖಾಲಿ ಡಬ್ಬಿ ಕಾಣುತ್ತಿತ್ತು, ಮಕ್ಕಳ ಹೆಸರೇ ಓದಲಿಕ್ಕೆ ಆಗುತ್ತಿರಲಿಲ್ಲ. ರೂಪಾಯಿ ಚಿಹ್ನೆಯದ್ದೂ ಅದೇ ಕಥೆ. ಚಿಹ್ನೆ ಬಂದದ್ದು 2010ರಲ್ಲಿ, ವಿಂಡೋಸ್ 7 ಬಂದದ್ದು ಅದಕ್ಕಿಂತ ಮೊದಲು. ಅದಕ್ಕೇ ಬೇರೆ ಅಪ್‌ಡೇಟ್ ಹಾಕಬೇಕಾಯಿತು. ಅಪ್ಪ ರಶೀದಿ ಪುಸ್ತಕದಲ್ಲಿ "ರೂ." ಅಂತಲೇ ಹಾಕುತ್ತಿದ್ದರೆ ಹಾಗೇ ಹಾಕಲಿ, ಎಲ್ಲ ಯಂತ್ರದಲ್ಲೂ ಕಾಣುತ್ತದೆ.

ಉಪ್ಪಳ ಸರ್ವಿಸ್

ಒಂದು ಸೇರಿಸ್ತೇನೆ. ಆ ಹಳೆಯ ಮದರ್‌ಬೋರ್ಡ್ ಒಂದು ದಿನ ಹೋಗಿಯೇ ಹೋಗ್ತದೆ. ಅಷ್ಟರೊಳಗೆ ಹೊಸ ಯಂತ್ರದಲ್ಲಿ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ 32 ಬಿಟ್ ವಿಂಡೋಸ್ 7, ಪೇಜ್‌ಮೇಕರ್, ನುಡಿ ಹಾಕಿ ತಯಾರು ಇಡಿ, ನೆಟ್‌ವರ್ಕ್ ಆಫ್ ಮಾಡಿ. ಪೂರ್ತಿ ಸ್ಕ್ರೀನ್ ಮಾಡಿದರೆ ಅಪ್ಪನಿಗೆ ಅದೇ ಹಳೆಯ ಕಂಪ್ಯೂಟರ್ ಕಂಡ ಹಾಗೆ ಇರ್ತದೆ. ವಿಂಡೋಸಿನ ಕೀ ಮಾತ್ರ ನೋಡಿಕೊಳ್ಳಿ, ಸಿಪಿಯು ಜೊತೆಗೇ ಬಂದ ಒಇಎಂ ಲೈಸೆನ್ಸ್ ಆದರೆ ಅದು ಆ ಯಂತ್ರಕ್ಕೇ ಸೇರಿದ್ದು. ಡಿಸ್ಕಿನ ಇಮೇಜ್ ತೆಗೆದದ್ದಾಯ್ತಾ? ಅದನ್ನು ಮೊದಲು ಹೇಳಿ.

ಪೆರ್ಲ ಡಿಟಿಪಿ

ಮಳೆ ಹಿಡಿದಿದೆ, ಅಂಗಡಿಯಲ್ಲಿ ಜನ ಇಲ್ಲ, ಹಾಗಾಗಿ ಈಗ ಬರೆಯಲಿಕ್ಕೆ ಪುರುಸೊತ್ತು ಸಿಕ್ಕಿತು.

ಇಮೇಜ್ ತೆಗೆದದ್ದಾಯ್ತು ಅಣ್ಣಾ, ಎರಡು ಕಾಪಿ, ಒಂದು ಮನೆಯಲ್ಲಿ ಉಂಟು. ಸೆಕೆಂಡ್ ಹ್ಯಾಂಡ್ ಐ5 ತಂದೆವು, ವಿಂಡೋಸ್ 11 ಇದ್ದದ್ದೇ, ಫೋಟೋ ಪ್ರಿಂಟರಿನ ಡ್ರೈವರಿಗೋಸ್ಕರ ಅದನ್ನೇ ಇಟ್ಟುಕೊಂಡೆ. ಟಾಸ್ಕ್‌ಬಾರ್ ನಡುವಿನಿಂದ ಎಡಕ್ಕೆ ತಂದೆ. ರೈಟ್ ಕ್ಲಿಕ್ಕಿನ ಹೊಸ ಪಟ್ಟಿ ನನಗೇ ಹಿಡಿಸಲಿಲ್ಲ, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಹಳೆಯ ಉದ್ದ ಪಟ್ಟಿಯೇ ಬರ್ತದೆ, ಯಾರಿಗಾದರೂ ಉಪಯೋಗ ಆಗಬಹುದು. ತಾಲೂಕಿನ ಪಟ್ಟಿ ಈಗ ಸರಿಯಾಗಿ ಬಿಚ್ಚಿಕೊಳ್ತದೆ. ಹಳೆಯದರ ನೆಟ್ ಕೇಬಲ್ ಕಿತ್ತಿದ್ದೇನೆ. ಎರಡರ ನಡುವೆ ಓಡಾಡಲಿಕ್ಕೆ ಒಂದು ಪೆನ್‌ಡ್ರೈವ್ ಬೇರೆಯೇ ಇಟ್ಟಿದ್ದೇನೆ, ಗಿರಾಕಿಗಳ ಪೆನ್‌ಡ್ರೈವ್ ಹಳೆಯದಕ್ಕೆ ಹಾಕುವುದೇ ಇಲ್ಲ.

ಮೊನ್ನೆ ಅಪ್ಪನನ್ನು ಹೊಸದರ ಮುಂದೆ ಕೂರಿಸಿದೆ. ಮೊದಲು ಬೇಡ ಅಂದರು. ನುಡಿ ಹಾಕಿ ಬರೇ ನೋಟ್‌ಪ್ಯಾಡ್ ತೆರೆದು ಕೊಟ್ಟೆ. ಕೆಳಗೆ ನೋಡದೆ "ಶ್ರೀ ಗಣೇಶಾಯ ನಮಃ" ಹೊಡೆದರು, ಎಲ್ಲ ಆಮಂತ್ರಣಕ್ಕೂ ಮೊದಲು ಹೊಡೆಯುವುದು ಅದೇ. ಸರಿಯಾಗಿ ಬಂತು. ಒಂದು ಕ್ಷಣ ಹಾಗೇ ನೋಡಿದರು. ಮತ್ತೆ ಅದನ್ನು ನನ್ನ ಫೋನಿಗೆ ಕಳಿಸಲಿಕ್ಕೆ ಹೇಳಿದರು. ಫೋನಿನಲ್ಲಿ ಕೂಡ ಹಾಗೇ ಕಂಡಿತು, ಗೋಜಲು ಇಲ್ಲ, ಚಿತ್ರ ಮಾಡಿ ಕಳಿಸಬೇಕಾಗಿಲ್ಲ. ಇಷ್ಟು ವರ್ಷ ಪ್ರೂಫ್ ಕಳಿಸಲಿಕ್ಕೆ ಪ್ರತಿ ಸಲ ಪ್ರಿಂಟ್ ತೆಗೆದು ಅದರ ಫೋಟೋ ಹೊಡೆದು ಕಳಿಸುತ್ತಿದ್ದೆವು. "ಇದು ಮೊದಲೇ ಗೊತ್ತಿದ್ದರೆ" ಅಂದರು, ಅಷ್ಟೇ, ಮತ್ತೆ ತಿರುಗಿ ತಮ್ಮ ಹಳೆಯ ಕುರ್ಚಿಗೆ ಹೋಗಿ ಕೂತರು.

ಈಗ ದಿನಕ್ಕೆ ಐದು ಹಳೆಯ ಫೈಲು ಅಂತ ತೆಗೆಯುತ್ತಿದ್ದೇವೆ. ನಾನು ಕನ್ವರ್ಟ್ ಮಾಡುವುದು, ಅಪ್ಪ ಪಿಡಿಎಫ್ ಪಕ್ಕದಲ್ಲಿಟ್ಟು ಅರ್ಕಾವತ್ತು ನೋಡುವುದು. ಸ್ಕ್ರೈಬಸಿನಲ್ಲಿ ಒಂದು ಮದುವೆ ಕಾಗದ ಮಾಡಲು ಹೊರಟಿದ್ದೇನೆ, ಬಾರ್ಡರ್ ಬಂತು, ಆದರೆ ಎರಡು ಕಡೆಯ ಹಿರಿಯರ ಹೆಸರು ಎದುರುಬದುರು ಸಾಲು ಹಿಡಿದು ಕೂರಿಸುವುದು ಇನ್ನೂ ಬರಲಿಲ್ಲ. ಅದಕ್ಕೆ ಟೇಬಲ್ ಹಾಕಬೇಕಾ, ಎರಡು ಬೇರೆ ಬೇರೆ ಟೆಕ್ಸ್ಟ್ ಫ್ರೇಮಾ? ಮಂಗಳೂರಿನವರು ನೋಡಿದರೆ ಹೇಳಿ.